ಹೆಸರಿಲ್ಲದ ಮುಳ್ಳಿಗೆ ಗಿರಿಯಕ್ಕ ಹೆಸರಿಟ್ಟದ್ದು

ಹಿಂದೆ, ಎಷ್ಟು ಹಿಂದೆ ಅಂತ ಕೇಳಬೇಡಿ, ನನ್ನ ಅಜ್ಜಿಯ ಅಜ್ಜಿಗೂ ಅದು ಹಿಂದಿನ ಮಾತೇ ಆಗಿತ್ತು, ಕಣಿವೆಯ ಬಾಯಲ್ಲಿ ಒಂದು ಊರಿತ್ತು. ಉಪ್ಪಿನಕಟ್ಟೆ ಅಂತ ಅದರ ಹೆಸರು. ಊರಿಗೆ ಮೂರು ದಾರಿ ಬಂದು ಸೇರುತ್ತಿದ್ದವು. ಒಂದು ದಾರಿಯಲ್ಲಿ ಮೆಣಸು ಬರುತ್ತಿತ್ತು, ಒಂದು ದಾರಿಯಲ್ಲಿ ಸೀರೆ ಬರುತ್ತಿತ್ತು, ಇನ್ನೊಂದರಲ್ಲಿ ಬಳೆ ಬರುತ್ತಿತ್ತು. ಉಪ್ಪು ಮಾತ್ರ ಮೂರೂ ದಾರಿಯಲ್ಲಿ ಬರುತ್ತಿತ್ತು. ಬೆನ್ನ ಮೇಲೆ ಗೋಣಿ ಹೊತ್ತ ಎತ್ತುಗಳು ಮಂಜಿನೊಳಗಿಂದ ಇಳಿದು ಬರುವಾಗ ಮೊದಲು ಗಂಟೆಯ ಸದ್ದು ಬರುತ್ತಿತ್ತಂತೆ, ಆಮೇಲೆ ಕೊಂಬು, ಆಮೇಲೆ ಎತ್ತು, ಎಲ್ಲಕ್ಕೂ ಕೊನೆಗೆ ಮನುಷ್ಯ.

ಮೂರು ದಾರಿಗೆ ಮೂರು ಭಾಷೆ, ಊರಿನದು ಇನ್ನೊಂದು. ಕಟ್ಟೆಯ ಮೇಲೆ ಕೂತವರಲ್ಲಿ ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಅರ್ಧ ಬೀಳುತ್ತಿತ್ತು, ಅರ್ಧ ಗಾಳಿಗೆ ಹೋಗುತ್ತಿತ್ತು. ಉಪ್ಪಿಗೆ ಮಾತ್ರ ಎಲ್ಲರ ಬಾಯಲ್ಲೂ ಒಂದೇ ಹೆಸರು. ಉಪ್ಪು ಅಂದರೆ ಕನ್ನಡದವನೂ ತಿರುಗಿ ನೋಡುತ್ತಿದ್ದ, ತಮಿಳಿನವನೂ ತಿರುಗಿ ನೋಡುತ್ತಿದ್ದ, ತೆಲುಗಿನವನೂ, ಮಲೆಯಾಳದವನೂ. ಮಿಕ್ಕ ಎಲ್ಲಕ್ಕೂ ಕೈಸನ್ನೆ.

ಆ ಊರಿನಲ್ಲಿ ಗಿರಿಯಕ್ಕ ಅನ್ನುವ ಸೂಲಗಿತ್ತಿ ಇದ್ದಳು. ಅವಳ ಅವ್ವ ಬೋರವ್ವನೂ ಸೂಲಗಿತ್ತಿಯೇ. ಗಿರಿಯಕ್ಕ ಬಸುರಿಯ ಹೊಟ್ಟೆಯ ಮೇಲೆ ಕೈಯಿಟ್ಟರೆ ಒಳಗಿನ ಕೂಸು ನಿದ್ದೆಯಲ್ಲೇ ಹೊರಳಿ ತಲೆ ಕೆಳಗೆ ಮಾಡುತ್ತಿತ್ತು ಅಂತಾರೆ. ಮಾಗಿಯ ಚಳಿಯಲ್ಲೂ ಅವಳ ಅಂಗೈ ಬಿಸಿಲಲ್ಲಿಟ್ಟ ಕಲ್ಲಿನ ಹಾಗೆ ಬೆಚ್ಚಗಿರುತ್ತಿತ್ತು ಅಂತಾರೆ. ಮಾತು ಕಡಿಮೆ. ಹೆರುವವಳು ಚೀರಿದರೆ ಇವಳು ಹೂಂ ಅನ್ನುತ್ತಿದ್ದಳು, ಅಷ್ಟೆ. ಆ ಒಂದು ಹೂಂನಲ್ಲೇ ಹೆಂಗಸರಿಗೆ ಜೀವ ಬರುತ್ತಿತ್ತಂತೆ.

ಅವಳು ಹಾಗೆ ಮಾತು ಕಡಿಮೆಯಾದದ್ದಕ್ಕೆ ಕಾರಣ ಇತ್ತು. ಅದನ್ನು ಹೇಳದೆ ಮುಂದಕ್ಕೆ ಹೋಗುವ ಹಾಗಿಲ್ಲ.

ಗಿರಿಯಕ್ಕನಿಗೆ ಒಬ್ಬಳು ಅಕ್ಕ ಇದ್ದಳು, ದೇವೀರಿ ಅಂತ. ದೇವೀರಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಇನ್ನೂ ದಿನ ಇದೆಯಲ್ಲ ಅಂತ ಬೋರವ್ವ ಆಚೆ ಊರಿಗೆ ಯಾರದೋ ಹೆರಿಗೆ ಮಾಡಿಸಲು ಹೋದಳು. ಅವತ್ತೇ ದೇವೀರಿಗೆ ನೋವು ಬಂತು. ಕೂಸು ಬಂತು, ಕೂಸಿನ ಹಿಂದೆ ನೆತ್ತರು ಬಂತು, ನೆತ್ತರು ನಿಲ್ಲಲಿಲ್ಲ. ನೆರೆಯವರು ಬಟ್ಟೆ ತುರುಕಿದರು, ದೇವರಿಗೆ ಹರಕೆ ಕಟ್ಟಿದರು. ಗಿರಿಯಕ್ಕ ಆಗ ಇನ್ನೂ ಲಂಗದ ಹುಡುಗಿ. ಅಕ್ಕನ ಪಾದ ಹಿಡಿದುಕೊಂಡು ಕೂತಿದ್ದಳು. ಕೈಯೊಳಗೇ ಆ ಪಾದ ತಣ್ಣಗಾಯಿತು. ಕೂಸೂ ಅವ್ವನ ಹಿಂದೆಯೇ ಹೋಯಿತು.

ಹೊತ್ತು ಇಳಿಯುವಾಗ ಬೋರವ್ವ ಓಡಿ ಬಂದಳು. ನೋಡಿದಳು. ಅಳಲಿಲ್ಲ. ಗಿರಿಯಕ್ಕನ ರಟ್ಟೆ ಹಿಡಿದು ಹಿತ್ತಿಲಿಗೆ ಎಳೆದುಕೊಂಡು ಹೋದಳು. ಅಲ್ಲಿ ಬಚ್ಚಲ ನೀರು ಹರಿಯುವ ಕಡೆ ನೆಲಕ್ಕೆ ಅಂಟಿಕೊಂಡು ಒಂದು ಮುಳ್ಳುಗಿಡ ಹಬ್ಬಿತ್ತು. ಕಡ್ಡಿಯ ತುಂಬ ಸಣ್ಣ ಮುಳ್ಳು, ಹಕ್ಕಿಯ ಪುಕ್ಕದಂಥ ಎಲೆ, ಪುಟ್ಟ ಚೆಂಡಿನಂಥ ನೇರಳೆ ಹೂವು. ಹಾದಿಯಲ್ಲಿ ಕಾಲಿಗೆ ಚುಚ್ಚಿದರೆ ಜನ ಹಾಳುಮುಳ್ಳು ಅಂತ ಬೈದು ದಾಟುವ ಗಿಡ. ಬೋರವ್ವ ಅದರ ಮೇಲೆ ಕೈ ಆಡಿಸಿದಳು. ಎಲೆಯೆಲ್ಲ ಮಡಚಿಕೊಂಡು ತಲೆ ಬಗ್ಗಿಸಿತು.

"ಇದು. ಇದನ್ನ ಹಸಿಯಾಗಿ ಅರೆದು ಕೊಟ್ಟಿದ್ದರೆ ನಿಲ್ತಿತ್ತು."

"ಇದರ ಹೆಸರೇನವ್ವ?"

"ಹೆಸರಿಲ್ಲ. ನಮ್ಮವ್ವ ನನಗೆ ಕೈಯಲ್ಲಿ ತೋರಿಸಿದ್ದು, ಬಾಯಲ್ಲಿ ಹೇಳಲಿಲ್ಲ. ಮದ್ದು ಬಾಯಿಗೆ ಬಂದರೆ ಅದರ ಗುಣ ಮಣ್ಣಿಗೆ ಇಳೀತದೆ. ನೀನೂ ಯಾರಿಗೂ ತೋರಿಸಬ್ಯಾಡ, ಹೇಳಬ್ಯಾಡ."

ಒಳಗೆ ಕರೆದುಕೊಂಡು ಹೋಗಿ, ಅಕ್ಕನ ಆ ತಣ್ಣನೆಯ ಪಾದ ಮುಟ್ಟಿಸಿ ಆಣೆ ತೆಗೆದುಕೊಂಡಳು.

ಅವತ್ತಿನಿಂದ ಬೋರವ್ವ ದೇವೀರಿಯ ಹೆಸರು ಎತ್ತಲಿಲ್ಲ. ಬೇರೆಯವರು ಎತ್ತಿದರೆ ಎದ್ದು ಹೋಗುತ್ತಿದ್ದಳು. ಮಗಳು ಹಿಂದಿನಿಂದ ಬಂದು ಹೆಗಲ ಮೇಲೆ ಕೈಯಿಟ್ಟರೆ ಮೈ ಕುಗ್ಗಿಸಿಕೊಂಡು ಗೋಡೆಗೆ ತಿರುಗುತ್ತಿದ್ದಳು. ಗಿರಿಯಕ್ಕ ಆ ಮನೆಯಲ್ಲಿ ಬೆಳೆದಳು, ಅವ್ವನಿಂದ ಎಲ್ಲ ಕಲಿತಳು, ಅವ್ವನಿಗೆ ಕಣ್ಣು ಮಂಜಾದ ಮೇಲೆ ತಾನೇ ಹೆರಿಗೆಗೆ ಹೋದಳು. ಒಂದೇ ಒಂದು ಮಾತು ಅವಳ ಎದೆಯಲ್ಲಿ ಮುಳ್ಳಿನ ಹಾಗೆ ಮುರಿದುಕೊಂಡಿತ್ತು. ಹಿತ್ತಿಲಲ್ಲೇ ಇದ್ದ ಗಿಡ. ಒಬ್ಬರಿಗೆ ಗೊತ್ತಿದ್ದಿದ್ದರೂ ಸಾಕಿತ್ತಲ್ಲ.

ಹೀಗಿರುವಾಗ ಒಂದು ಸುಗ್ಗಿಯಲ್ಲಿ ಹೇರಿನ ಎತ್ತುಗಳು ಎಂದಿಗಿಂತ ಹೆಚ್ಚು ಬಂದವು. ಊರ ಕಟ್ಟೆಯಲ್ಲಿ ಜಾಗ ಸಾಲದೆ ಹಿಂದೆ ಬಂದವರು ಕಣಿವೆಯ ಆಚೆ ಹೊಂಗೆ ತೋಪಿನಲ್ಲಿ ಬಿಡಾರ ಮಾಡಿದರು. ಮೆಣಸು ಹೊರುವ ಮಲೆಯಾಳದವರು ಒಂದು ಮರದ ಕೆಳಗೆ, ಸೀರೆ ಮಾರುವ ತಮಿಳಿನವರು ಒಂದು ಮರದ ಕೆಳಗೆ, ಬಳೆ ಮಾರುವ ತೆಲುಗಿನವರು ಒಂದು ಮರದ ಕೆಳಗೆ. ಬಳೆಯವರಲ್ಲಿ ಕೋಟಮ್ಮ ಅನ್ನುವ ತುಂಬು ಬಸುರಿ ಇದ್ದಳು. ನಡೆದ ಆಯಾಸಕ್ಕೋ ಏನೋ, ಬೆಳಗಿನ ಹೊತ್ತಿಗೆ ಅವಳಿಗೆ ನೋವು ಬಂತು. ಅವಳ ಗಂಡ ಕಣಿವೆ ಇಳಿದು ಓಡಿ ಬಂದು ಗಿರಿಯಕ್ಕನ ಬಾಗಿಲಲ್ಲಿ ನಿಂತ. ಅವನಿಗೆ ಕನ್ನಡ ಬಾರದು. ತನ್ನ ಹೊಟ್ಟೆ ಮುಟ್ಟಿಕೊಂಡ, ದಾರಿ ತೋರಿಸಿದ, ಅತ್ತ. ಗಿರಿಯಕ್ಕ ಹೂಂ ಅಂದು ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟಳು.

ಮಧ್ಯಾಹ್ನದ ಹೊತ್ತಿಗೆ ಹೆಣ್ಣುಕೂಸು ಹುಟ್ಟಿತು. ಹೊಂಗೆಯ ಹೂವು ಉದುರುವ ಕಾಲ. ಕೂಸಿನ ಮೈಮೇಲೆ ನೀರು ಹೊಯ್ಯುವಾಗ ಹೂವೂ ಉದುರಿ ಅಂಟಿಕೊಂಡವಂತೆ. ಕೂಸು ಅತ್ತಿತು, ತೋಪೆಲ್ಲ ನಕ್ಕಿತು. ಆಗ ಗಿರಿಯಕ್ಕ ಕೋಟಮ್ಮನ ಕಡೆ ನೋಡಿದಳು. ಹಾಸಿದ ಬಟ್ಟೆ ಕೆಂಪಾಗುತ್ತಿತ್ತು. ಬಟ್ಟೆ ಬದಲಿಸಿದಳು, ಅದೂ ಕೆಂಪಾಯಿತು. ಹೊಟ್ಟೆ ಅದುಮಿದಳು, ನಿಲ್ಲಲಿಲ್ಲ. ಕೋಟಮ್ಮನ ಪಾದ ಮುಟ್ಟಿದಳು. ತಣ್ಣಗಾಗುತ್ತಿತ್ತು.

ಆ ಗಿಡವನ್ನು ಗಿರಿಯಕ್ಕ ಎಂದೂ ಕಟ್ಟಿಕೊಂಡು ಹೋಗುತ್ತಿರಲಿಲ್ಲ. ಹಸಿಯಾಗಿಯೇ ಬೇಕು, ಬಾಡಿದರೆ ಕೆಲಸಕ್ಕಿಲ್ಲ, ಎಲ್ಲೆಂದರೆ ಅಲ್ಲಿ ಸಿಗುವ ಮುಳ್ಳು ತಾನೆ. ಎದ್ದು ತೋಪಿನ ಸುತ್ತ ಓಡಿದಳು. ಬಂಡೆ, ಒಣ ತರಗು, ಆಡು ಮೇಯ್ದ ನೆಲ. ಗಿಡ ಇಲ್ಲ. ಕಣಿವೆ ಇಳಿದು ಮನೆಗೆ ಹೋಗಿ ಬರುವಷ್ಟರಲ್ಲಿ ಕೋಟಮ್ಮ ಇರುವುದಿಲ್ಲ. ವರ್ಷಾವರ್ಷ ಇದೇ ದಾರಿಯಲ್ಲಿ ತಿರುಗುವ ಈ ಜನರಲ್ಲಿ ಯಾರಿಗಾದರೂ ಅದು ಎಲ್ಲಿದೆ ಅಂತ ಗೊತ್ತಿರಲೇಬೇಕು. ಆದರೆ ಕೇಳುವುದು ಹೇಗೆ? ಅವರ ಭಾಷೆಯಲ್ಲಿ ಅದರ ಹೆಸರು ತಿಳಿಯದು ಅನ್ನುವುದಿರಲಿ, ತನ್ನ ಭಾಷೆಯಲ್ಲೇ ಅದಕ್ಕೆ ಹೆಸರಿಲ್ಲ.

ಆಣೆ ನೆನಪಾಯಿತು. ನಾಲ್ಕು ಜನರ ಮುಂದೆ ತೋರಿಸಿದರೆ ಮದ್ದು ಸಾಯುತ್ತದೆ, ತೋರಿಸದಿದ್ದರೆ ಕೋಟಮ್ಮ ಸಾಯುತ್ತಾಳೆ. ಮದ್ದು ಸತ್ತರೂ ಕೋಟಮ್ಮ ಸಾಯುತ್ತಾಳೆ. ಗಿರಿಯಕ್ಕ ಆ ಬಿಸಿಲಲ್ಲಿ ಕಲ್ಲಿನ ಹಾಗೆ ನಿಂತಳು ಅಂತಾರೆ. ಆ ಹೊತ್ತಿನಲ್ಲಿ ಗಾಳಿಯೂ ನಿಂತಿತು, ಎತ್ತುಗಳು ಮೆಲುಕು ಹಾಕುವುದನ್ನೂ ಬಿಟ್ಟವು ಅಂತಾರೆ.

ಆಮೇಲೆ ಅವಳು ಜನರ ನಡುವೆ ಬಂದು ನೆಲದ ಮೇಲೆ ಕೂತಳು. ಮೊಳಕೈ ಮಣ್ಣಿಗೂರಿ, ಅಂಗೈ ಮೇಲೆ ಮಾಡಿ, ಎರಡೂ ಕೈಯ ಬೆರಳು ಬಿಡಿಸಿ ಹಿಡಿದಳು. ಕೋಟಮ್ಮನ ಅತ್ತೆಯನ್ನು ಕಣ್ಣಿನಿಂದ ಕರೆದು, ಮುಟ್ಟು ಅಂತ ತಲೆ ಆಡಿಸಿದಳು. ಆ ಮುದುಕಿ ಹೆದರುತ್ತ ಒಂದು ಬೆರಳು ತಾಗಿಸಿದಳು. ಗಿರಿಯಕ್ಕನ ಬೆರಳುಗಳು ಒಂದರ ಹಿಂದೆ ಒಂದು ಮಡಚಿಕೊಂಡವು. ಅಂಗೈ ಅಂಗೈಗೆ ಕೂಡಿತು. ಮಣಿಕಟ್ಟು ಬಾಗಿ ನೆಲಕ್ಕೆ ಇಳಿಯಿತು.

ಸೂಲಗಿತ್ತಿ ದೇವರಿಗೆ ಕೈ ಮುಗಿಯುತ್ತಿದ್ದಾಳೆ ಅಂದುಕೊಂಡು ಎಲ್ಲರೂ ಕೈ ಮುಗಿದರು.

"ಅಲ್ಲ! ಅಲ್ಲ!" ಅಂತ ಗಿರಿಯಕ್ಕ ಕೂಗಿದಳು. ಅವರಿಗೆ ಆ ಮಾತು ತಿಳಿಯದಿದ್ದರೂ ಕೂಗು ತಿಳಿಯಿತು. ಅವಳು ಮತ್ತೆ ಬೆರಳು ಬಿಡಿಸಿದಳು. ಉಗುರಿನಿಂದ ತನ್ನ ತೋಳನ್ನೇ ಗೀರಿ ಮುಳ್ಳು ತೋರಿಸಿದಳು. ಹೊಂಗೆಯ ನೇರಳೆ ಹೂವು ಬಾಚಿ ಉಂಡೆ ಮಾಡಿ ಬೆರಳ ಸಂದಿಯಲ್ಲಿ ಇಟ್ಟುಕೊಂಡಳು. ಮತ್ತೆ ಮುಟ್ಟು ಅಂದಳು. ಮತ್ತೆ ಮಡಚಿಕೊಂಡಳು. ಈ ಸಲ ಎಷ್ಟು ಮೆಲ್ಲಗೆ, ಎಷ್ಟು ನಿಜವಾಗಿ ಮಡಚಿಕೊಂಡಳೆಂದರೆ, ಅಲ್ಲಿ ಹೆಂಗಸು ಕಾಣಲಿಲ್ಲ, ಗಿಡವೇ ಕಂಡಿತು ಅಂತಾರೆ.

ಸೀರೆ ಮಾರುವ ತಮಿಳು ಮುದುಕಿ ಎದೆಗೆ ಕೈಯಿಟ್ಟುಕೊಂಡಳು. "ತೊಟ್ಟಾ ಸಿಣುಂಗುಮ್!" ಮುಟ್ಟಿದರೆ ಮುಲುಗುತ್ತದೆ ಅಂತ. ಅವಳಿಗೆ ಆ ಕೈ ಅಳುವ ಹಾಗೆ ಕಂಡಿತ್ತು.

ಮೆಣಸು ಹೊರುವ ಚಾತು ಅನ್ನುವವನು ಜಿಗಿದು ನಿಂತ. "ತೊಟ್ಟಾಲ್ ವಾಡುಮ್!" ಮುಟ್ಟಿದರೆ ಬಾಡುತ್ತದೆ ಅಂತ. ಅವನಿಗೆ ಆ ಕೈ ಬಾಡುವ ಹಾಗೆ ಕಂಡಿತ್ತು.

ಕೋಟಮ್ಮನ ಅತ್ತೆ "ಸಿಗ್ಗು, ಸಿಗ್ಗು" ಅಂದಳು. ಸಿಗ್ಗು ಅಂದರೆ ನಾಚಿಕೆ. ಹೊಸ ಸೊಸೆ ಸೆರಗು ಎಳೆದುಕೊಂಡ ಹಾಗೆ ಅವಳಿಗೆ ಕಂಡಿತ್ತು.

ಮೂವರೂ ಮೂರು ಹೆಸರು ಕೂಗುತ್ತ ಒಂದೇ ಕಡೆಗೆ ಓಡಿದರು, ಎತ್ತುಗಳಿಗೆ ನೀರು ಕುಡಿಸುವ ಹಳ್ಳದ ದಂಡೆಗೆ. ಅವರ ಹಿಂದೆ ಮಿಕ್ಕವರು ಓಡಿದರು. ಮೈಕೈಯೆಲ್ಲ ಗೀರಿಸಿಕೊಂಡು ತೋಳು ತುಂಬ ತಂದು ಸುರಿದರು. ಎಲೆಯೆಲ್ಲ ಮಡಚಿಕೊಂಡು ನಿದ್ದೆ ಹೋದ ಹಾಗಿದ್ದವು.

ಗಿರಿಯಕ್ಕ ಬಂಡೆಯ ಮೇಲೆ ಹಳ್ಳದ ಗುಂಡುಕಲ್ಲಿನಿಂದ ಅರೆದಳು. ಗುಣ ಇದೆಯೋ, ಮಣ್ಣಿಗೆ ಇಳಿಯಿತೋ? ರಸ ಹಿಂಡಿ ಕೋಟಮ್ಮನ ಬಾಯಿಗೆ ಬಿಟ್ಟಳು. ಅರೆದ ಸೊಪ್ಪನ್ನು ಬಟ್ಟೆಯಲ್ಲಿ ಕಟ್ಟಿ ಒಳಗೆ ಇಟ್ಟಳು. ಪಾದ ಹಿಡಿದುಕೊಂಡು ಕೂತಳು.

ತೋಪಿನಲ್ಲಿ ಹೂವು ಉದುರುತ್ತಿತ್ತು. ಎಲ್ಲೋ ಒಂದು ಎತ್ತು ತಲೆ ಕೊಡವಿದರೆ ಗಂಟೆ ಆಡುತ್ತಿತ್ತು, ಮತ್ತೆ ಸುಮ್ಮನಾಗುತ್ತಿತ್ತು. ಚಾತು ಒಂದು ಗಿಡವನ್ನು ಬೇರು ಸಮೇತ ಕಿತ್ತು ತಂದಿದ್ದ. ಅದನ್ನು ನೀರಿನ ಕುಡಿಕೆಯಲ್ಲಿ ಇಟ್ಟಿದ್ದರು. ಜನ ಕೋಟಮ್ಮನನ್ನು ನೋಡಲಾರದೆ ಆ ಗಿಡವನ್ನೇ ನೋಡುತ್ತ ಕೂತರು. ಬಹಳ ಹೊತ್ತಿನ ಮೇಲೆ ಒಂದು ಎಲೆ ಬಿಚ್ಚಿಕೊಂಡಿತು. ಆಮೇಲೆ ಅದರ ಪಕ್ಕದ್ದು. ಬಿಸಿಲು ಬಾಗುವ ಹೊತ್ತಿಗೆ ಗಿಡವೆಲ್ಲ ಬಿಚ್ಚಿಕೊಂಡಿತ್ತು. ಆಗ ಗಿರಿಯಕ್ಕ ಬಟ್ಟೆ ತೆಗೆದು ನೋಡಿದಳು. ನೆತ್ತರು ನಿಂತಿತ್ತು. ಅಂಗೈಯೊಳಗಿನ ಪಾದಕ್ಕೆ ಬಿಸಿ ಬರುತ್ತಿತ್ತು.

ಕೋಟಮ್ಮ ಕಣ್ಣು ಬಿಟ್ಟು ನೀರು ಕೇಳಿದಳಂತೆ. ಅವಳ ಗಂಡ ಕುಡಿಕೆ ತರಲು ಹೋಗಿ ಗಿಡವಿದ್ದ ಕುಡಿಕೆಯನ್ನೇ ತಂದನಂತೆ. ಆವಾಗ ಎಲ್ಲರಿಗೂ ನಗು ಬಂತು, ನಗುತ್ತ ನಗುತ್ತ ಅಳುವೂ ಬಂತು.

ಆಮೇಲೆ ಅಲ್ಲೇ ಜಗಳ ಶುರುವಾಯಿತು ನೋಡಿ, ಸಿಹಿ ಜಗಳ. ಅಳುವ ಗಿಡ ಅಂತ ಒಬ್ಬಳು, ಬಾಡುವ ಗಿಡ ಅಂತ ಒಬ್ಬ, ನಾಚುವ ಗಿಡ ಅಂತ ಇನ್ನೊಬ್ಬಳು. ಕೊನೆಗೆ ಮೂವರೂ ಗಿರಿಯಕ್ಕನ ಕಡೆ ತಿರುಗಿ ಗಿಡ ತೋರಿಸಿ, ಬಾಯಿ ತೋರಿಸಿ, ನಿಮ್ಮಲ್ಲಿ ಏನಂತೀರಿ ಅಂತ ಕೇಳಿದರು.

ಗಿರಿಯಕ್ಕ ಗಿಡವನ್ನು ನೋಡಿದಳು. ಅವಳಿಗೆ ಅದು ಅಳುವ ಹಾಗೂ ಕಾಣಲಿಲ್ಲ, ಬಾಡುವ ಹಾಗೂ ಕಾಣಲಿಲ್ಲ, ನಾಚುವ ಹಾಗೂ ಕಾಣಲಿಲ್ಲ. ಹೆಗಲ ಮೇಲೆ ಕೈಯಿಟ್ಟರೆ ಗೋಡೆಗೆ ತಿರುಗುವ ಅವ್ವ ಕಂಡಳು.

"ಮುಟ್ಟಿದರೆ ಮುನಿ" ಅಂದಳು.

ಮುನಿಯುವುದು ಅಂದರೆ ಹಗೆ ಮಾಡುವುದಲ್ಲ. ಹೊರಗಿನವರ ಮೇಲೆ ಕೋಪ ಬರುತ್ತದೆ, ಮುನಿಸು ಬರುವುದಿಲ್ಲ. ಮುನಿಸು ನಮ್ಮವರ ಮೇಲೆ ಮಾತ್ರ. ಮುನಿದವರು ತಮ್ಮನ್ನು ಒಳಗೆಳೆದುಕೊಳ್ಳುತ್ತಾರೆ, ಆದರೆ ಬಾಗಿಲಿಗೆ ಅಗುಳಿ ಹಾಕುವುದಿಲ್ಲ. ಈ ಮಾತು ಗಿರಿಯಕ್ಕ ಹೇಳಿದಳೋ, ನನ್ನ ಅಜ್ಜಿ ಸೇರಿಸಿದಳೋ ನನಗೆ ಗೊತ್ತಿಲ್ಲ. ನಾನಂತೂ ಕೇಳಿದ್ದು ಹೀಗೆ.

ಮಾರನೆಯ ಬೆಳಿಗ್ಗೆ ಗಿರಿಯಕ್ಕ ಮನೆಗೆ ಬಂದಳು. ಬೋರವ್ವ ಒಲೆಯ ಮುಂದೆ ಕೂತಿದ್ದಳು.

"ಅವ್ವ, ಆಣೆ ಮುರಿದೆ. ಎಲ್ಲರ ಮುಂದೆ ತೋರಿಸಿದೆ. ಹೆಸರೂ ಇಟ್ಟೆ, ಮುಟ್ಟಿದರೆ ಮುನಿ ಅಂತ."

ಬೋರವ್ವ ಬೆಂಕಿಯನ್ನೇ ನೋಡುತ್ತ ಕೇಳಿದಳು: "ಬದುಕಿದಳಾ?"

"ಬದುಕಿದಳು."

ಬೋರವ್ವ ಎದ್ದು ಹೋಗಿ ಗೋಡೆಗೆ ಮುಖ ಮಾಡಿ ಮಲಗಿದಳು. ಅವತ್ತು ಉಣ್ಣಲಿಲ್ಲ. ಮಾರನೆಯ ದಿನ ಉಂಡಳು, ಮಾತಾಡಲಿಲ್ಲ. ತೋಪಿನ ಎತ್ತುಗಳು ಹೊರಟು ಹೋದವು, ಹೊಂಗೆ ಹೂವು ಮುಗಿಯಿತು, ಬೋರವ್ವ ಮಾತಾಡಲಿಲ್ಲ. ಅವ್ವನ ಮುಖ ನೋಡಲಾರದೆ ಗಿರಿಯಕ್ಕ ಕರೆ ಬಂದ ಕಡೆಗೆಲ್ಲ ಹೋಗುತ್ತಿದ್ದಳು, ಹೋದಲ್ಲೆಲ್ಲ ಹೆಂಗಸರನ್ನು ಕೂರಿಸಿಕೊಂಡು ಗಿಡ ತೋರಿಸುತ್ತಿದ್ದಳು.

ಒಂದು ಬೆಳಿಗ್ಗೆ ಗಿರಿಯಕ್ಕ ಎದ್ದಾಗ ಅವ್ವನ ಚಾಪೆ ಬರಿದಾಗಿತ್ತು. ಹೊರಗೆಲ್ಲ ಮಂಜು. ಹಿತ್ತಿಲಿನಿಂದ ಮಾತು ಕೇಳಿಸಿತು. ಹೋಗಿ ನೋಡಿದರೆ ಬಚ್ಚಲ ನೀರಿನ ಕಡೆ ಬೋರವ್ವ ಕುಕ್ಕುರುಗಾಲಲ್ಲಿ ಕೂತಿದ್ದಳು. ಮಂಜಾದ ಕಣ್ಣಿಗೆ ಕಾಣದೆ ಬೆರಳಿನಿಂದ ತಡವಿ ತಡವಿ ಎಲೆ ಮುಟ್ಟುತ್ತಿದ್ದಳು.

"ದೇವೀರಿ" ಅನ್ನುತ್ತಿದ್ದಳು. "ದೇವೀರಿ, ಮುಟ್ಟಿದರೆ ಮುನಿ ಅಂತೆ ಕಣವ್ವ ಇದರ ಹೆಸರು. ನಿನ್ನ ತಂಗಿ ಇಟ್ಟಿದ್ದು."

ಗಿರಿಯಕ್ಕ ಹೋಗಿ ಪಕ್ಕದಲ್ಲಿ ಕೂತಳು. ಅವ್ವನ ಹೆಗಲ ಮೇಲೆ ಕೈಯಿಟ್ಟಳು. ಬೋರವ್ವ ಕುಗ್ಗಲಿಲ್ಲ, ತಿರುಗಲಿಲ್ಲ. ಮಂಜು ಕರಗುವವರೆಗೆ ಇಬ್ಬರೂ ಹಾಗೇ ಕೂತಿದ್ದರಂತೆ.

ಗಿರಿಯಕ್ಕ ಬಹಳ ಕಾಲ ಬಾಳಿದಳು. ಅವಳು ಬರಿಗಾಲಲ್ಲಿ ನಡೆದರೆ ಆ ಗಿಡ ಮಡಚಿಕೊಳ್ಳುತ್ತಿರಲಿಲ್ಲ, ಮುಳ್ಳು ಚುಚ್ಚುತ್ತಿರಲಿಲ್ಲ ಅಂತಾರೆ. ಆಮೇಲೆ ಆ ಮೂರು ದಾರಿಯಲ್ಲಿ ಒಬ್ಬ ಬಾಣಂತಿಯೂ ಸಾಯಲಿಲ್ಲ ಅಂತಲೂ ಹೇಳುತ್ತಾರೆ. ಅದು ಹೆಚ್ಚಾಯಿತು. ಸಾಯುವವರು ಸಾಯುತ್ತಲೇ ಇದ್ದರು, ಆದರೆ ಹಿತ್ತಿಲಲ್ಲಿ ಮದ್ದು ಇಟ್ಟುಕೊಂಡು ಗೊತ್ತಿಲ್ಲದೆ ಯಾರೂ ಸಾಯಲಿಲ್ಲ ಅಂತ ನನ್ನ ಅಜ್ಜಿ ತಿದ್ದುತ್ತಿದ್ದಳು. ಗಿರಿಯಕ್ಕ ತೀರಿಹೋದ ದಿನ ನಡುಹಗಲಲ್ಲಿ, ಯಾರೂ ಮುಟ್ಟದೆ, ಬೆಟ್ಟದ ಮೇಲಿನ ಗಿಡವೆಲ್ಲ ಒಟ್ಟಿಗೆ ಎಲೆ ಮುಚ್ಚಿದವಂತೆ. ಬೆಟ್ಟದ ಬಣ್ಣವೇ ಒಂದು ಗಳಿಗೆ ಬೇರೆಯಾಯಿತಂತೆ. ಇದನ್ನು ಮಾತ್ರ ಅಜ್ಜಿ ತಿದ್ದುತ್ತಿರಲಿಲ್ಲ.

ಈಗ ಆ ದಾರಿಗಳಲ್ಲಿ ಎತ್ತು ಬರುವುದಿಲ್ಲ. ಹೆರಿಗೆಗೆ ದೊಡ್ಡ ಊರಿಗೆ ಹೋಗುತ್ತಾರೆ, ಹೋಗಬೇಕಾದ್ದೇ. ಆದರೂ ನಮ್ಮ ಕಡೆ ಬಸುರಿಗೆ ಬಳೆ ತೊಡಿಸಿದ ದಿನ ಮನೆಯ ಹೆಂಗಸರೆಲ್ಲ ಅವಳನ್ನು ಹಳ್ಳದ ದಂಡೆಗೆ ಕರೆದುಕೊಂಡು ಹೋಗುತ್ತಾರೆ. ಬೇರೆ ಕಡೆ ಮದ್ದಿನ ಗಿಡವನ್ನು ಮೂಕವಾಗಿ ಕೀಳುವ ಪದ್ಧತಿ ಇದೆ. ನಮ್ಮಲ್ಲಿ ಹಾಗಲ್ಲ, ಆ ಗಿಡದ ಹೆಸರನ್ನು ಗಟ್ಟಿಯಾಗಿ ಕೂಗಬೇಕು. ಮುಟ್ಟಿದರೆ ಮುನಿ, ತೊಟ್ಟಾ ಸಿಣುಂಗಿ, ತೊಟ್ಟಾವಾಡಿ, ಸಿಗ್ಗಾಕು. ಬಸುರಿ ಒಂದು ಎಲೆ ಮುಟ್ಟುತ್ತಾಳೆ. ಅದು ಮತ್ತೆ ಬಿಚ್ಚಿಕೊಳ್ಳುವವರೆಗೆ ಯಾರೂ ಕದಲುವ ಹಾಗಿಲ್ಲ. ಹೊರಗಿನಿಂದ ಬಂದ ಸೊಸೆಯಾದರೆ ಅವಳ ತವರಿನ ಹೆಸರು ಕೇಳಿ ಅದನ್ನೂ ಸೇರಿಸಿಕೊಳ್ಳುತ್ತಾರೆ.

ಮೊನ್ನೆ ಕೊನೆಯ ಬೀದಿಯ ಹೊಸ ಸೊಸೆಗೆ ಬಳೆ ತೊಡಿಸಿ ಕರೆದುಕೊಂಡು ಹೋಗಿದ್ದೆವು. ಎಲ್ಲಿಂದಲೋ ಬಹಳ ದೂರದಿಂದ ಬಂದವಳು. ಅವಳ ಮಾತು ನಮಗೆ ತಿಳಿಯದು, ನಮ್ಮದು ಅವಳಿಗೆ ತಿಳಿಯದು. ಬಂದಾಗಿನಿಂದ ಯಾರ ಜೊತೆಗೂ ಬಾಯಿ ಬಿಟ್ಟವಳಲ್ಲ. ದಂಡೆಯಲ್ಲಿ ಆ ಗಿಡ ಕಂಡದ್ದೇ ಕೂತುಬಿಟ್ಟಳು, ಬೆರಳು ಚಾಚಿ ಮುಟ್ಟಿದಳು, "ಲಾಜಕುಳಿ" ಅಂದಳು. ಇನ್ನೊಂದು ಸಲ ಹೇಳು ಅಂತ ನಾವು ಕೈ ಆಡಿಸಿದೆವು. ಹೇಳಿದಳು. ನಮ್ಮ ನಾಲಿಗೆ ಹೊರಳಲಿಲ್ಲ, ಅವಳಿಗೆ ನಗು ಬಂತು. ಸೆರಗು ಬಾಯಿಗಿಟ್ಟುಕೊಂಡು ನಗುತ್ತ, ಒಂದೊಂದೇ ಅಕ್ಷರ ಬಿಡಿಸಿ, ನಮಗೆಲ್ಲ ಹೇಳಿಕೊಟ್ಟಳು.